ಮೂರು ಸಲ ಕರೆಯುವ ಕಾಕು

ಹೋದ ವಾರ ನಮ್ಮ ಮನೆಯವರು ಪೇಟೆಯಿಂದ ಬರುವಾಗ ಹನ್ನೊಂದು ಲಿಂಬೆಹಣ್ಣು, ಎರಡು ಪೊಟ್ಟಣ ಕುಂಕುಮ, ಒಂದು ಉಂಡೆ ಕರಿದಾರ, ಕರ್ಪೂರ, ಒಂದು ತೆಂಗಿನಕಾಯಿ ತಂದು ಅಡುಗೆಮನೆಯ ಕಟ್ಟೆಯ ಮೇಲೆ ಸಾಲಾಗಿ ಇಟ್ಟರು. ಇಟ್ಟು, ಬೆವರು ಒರೆಸಿಕೊಳ್ಳುತ್ತ, "ಪೂಜಿ ಯಾವಾಗ ಅದ? ನನಗ ಒಂದು ಮಾತು ಹೇಳೂದು ಬ್ಯಾಡೇನು?" ಎಂದು ಮುಖ ಗಂಟಿಕ್ಕಿದರು.

ನಾನು ಯಾವ ಪೂಜೆಯನ್ನೂ ಇಟ್ಟುಕೊಂಡಿರಲಿಲ್ಲ. ಕೇಳಿದರೆ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದ ಚೀಟಿಯ ಕಡೆ ಬೆರಳು ತೋರಿಸಿದರು. ಅದು ಸ್ನೇಹಾಳ ಅಕ್ಷರ. ಸ್ನೇಹಾ ನನ್ನ ತಮ್ಮನ ಮಗಳು. ಊರು ಔರಾದ್, ಡಿಗ್ರಿ ಓದಲು ಬೀದರಿಗೆ ಬಂದು ಚಿದ್ರಿ ಬಡಾವಣೆಯ ನಮ್ಮ ಮನೆಯಲ್ಲೇ ಇದ್ದಾಳೆ. ನಮ್ಮ ಮಾತು ಕೇಳಿ ಒಳಗಿನಿಂದ ಓಡಿ ಬಂದವಳು ತಲೆಯ ಮೇಲೆ ಕೈ ಇಟ್ಟುಕೊಂಡಳು.

"ಅಯ್ಯೋ ಮಾಮಾ, ಅದು ಪೂಜಿ ಚೀಟಿ ಅಲ್ರಿ! ನಮ್ಮ ದೆವ್ವದ ಪಿಚ್ಚರ್ ಸಾಮಾನಿಂದು!"

ಕಾಲೇಜಿನ ಕಾರ್ಯಕ್ರಮಕ್ಕೆಂದು ಅವಳು ಮೊಬೈಲಿನಲ್ಲೇ ಹತ್ತು ನಿಮಿಷದ ಒಂದು ದೆವ್ವದ ಚಿತ್ರ ಮಾಡುವವಳಿದ್ದಳಂತೆ. ನಮ್ಮವರು ಲಿಂಬೆಹಣ್ಣುಗಳನ್ನೊಮ್ಮೆ ನೋಡಿದರು, ಚೀಟಿಯನ್ನೊಮ್ಮೆ ನೋಡಿದರು. "ದೇವರಿಗೂ ದೆವ್ವಕ್ಕೂ ಒಂದೇ ಚೀಟಿ ಸಾಕಾಯ್ತು ನೋಡು" ಎಂದು ಕೈಕಾಲು ತೊಳೆಯಲು ಹೋದರು. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ನಗುತ್ತಲೇ ಚೀಟಿಯ ಉಳಿದ ಸಾಲುಗಳನ್ನು ಓದಿದೆ. ಕಂದೀಲು, ಒಂದು. ಗೆಜ್ಜೆ, ಒಂದು ಜೊತೆ. ಎಲ್ಲಕ್ಕಿಂತ ಕೆಳಗೆ, ಕೊನೆಯಲ್ಲಿ: ಬಿಳಿ ಸೀರಿ, ಆಯಿಂದು.

ನನ್ನ ನಗು ಅಲ್ಲಿಗೆ ನಿಂತಿತು.

ನಮ್ಮ ಕಡೆ ಅಜ್ಜಿಗೆ ಆಯಿ ಎನ್ನುತ್ತಾರೆ. ಸ್ನೇಹಾ ಆಯಿ ಎನ್ನುವುದು ನನ್ನ ಕಾಕುಗೆ, ಅಂದರೆ ನಮ್ಮಪ್ಪನ ತಮ್ಮನ ಹೆಂಡತಿಗೆ. ಕಾಕಾ ಮದುವೆಯಾದ ಮೂರನೆಯ ವರ್ಷಕ್ಕೆ ಕಾಮಾಲೆಯಾಗಿ ಹೋಗಿಬಿಟ್ಟರು. ಮಕ್ಕಳಿರಲಿಲ್ಲ. ಕಾಕು ಭಾಲ್ಕಿಯ ನಮ್ಮ ಮನೆಯಲ್ಲೇ ಉಳಿದಳು, ನಮ್ಮನ್ನೆಲ್ಲ ಎತ್ತಿ ಆಡಿಸಿದಳು, ಈಗ ಔರಾದಿನಲ್ಲಿ ನನ್ನ ತಮ್ಮನ ಜೊತೆ ಇದ್ದಾಳೆ. ನಮ್ಮದು ಬಸವಣ್ಣನ ಫೋಟೋ ಇಲ್ಲದ ಕೋಣೆಯೇ ಇಲ್ಲದಂಥ ಮನೆ. ಅಪ್ಪ ಸಭೆಗಳಲ್ಲಿ ನಿಂತು ಹೆಣ್ಣು ಗಂಡು ಒಂದೇ ಎಂದು ಗಂಟೆಗಟ್ಟಲೆ ಮಾತಾಡಿ ಚಪ್ಪಾಳೆ ಹೊಡೆಸಿಕೊಂಡು ಬರುತ್ತಿದ್ದರು. ಅಂಥ ಮನೆಯಲ್ಲೂ ಕಾಕು ಬಿಳಿ ಸೀರೆ ಉಟ್ಟಳು. ಉಡು ಎಂದು ಯಾರೂ ಹೇಳಲಿಲ್ಲ. ಬೇಡ ಎಂದೂ ಯಾರೂ ಹೇಳಲಿಲ್ಲ. ಆಗ ಅವಳಿಗೆ ಮೂವತ್ತೂ ತುಂಬಿರಲಿಲ್ಲ. ಈ ಲೆಕ್ಕ ನನಗೆ ಹೊಳೆದದ್ದು ನನಗೇ ನಲವತ್ತು ದಾಟಿದ ಮೇಲೆ.

ಇರಲಿ, ದೆವ್ವದ ವಿಷಯಕ್ಕೆ ಬರುತ್ತೇನೆ. ಆ ವಿದ್ಯೆಯಲ್ಲಿ ನಾನು ಕಚ್ಚಾ ಅಲ್ಲ. ನಾನು ನಾಲ್ಕನೆಯ ಐದನೆಯ ಇಯತ್ತೆಯಲ್ಲಿದ್ದಾಗ ಭಾಲ್ಕಿಯ ಟಾಕೀಸಿಗೆ ವರ್ಷಕ್ಕೆ ಮೂರು ನಾಲ್ಕಾದರೂ ದೆವ್ವದ ಪಿಚ್ಚರ್ ಬರುತ್ತಿದ್ದವು. ಎಲ್ಲವೂ ಹಿಂದಿ. ಅಮ್ಮ ಓಣಿಯ ಹೆಂಗಸರ ಜೊತೆ ರವಿವಾರದ ಮ್ಯಾಟಿನಿಗೆ ಹೋಗುವಾಗ ನನ್ನನ್ನೂ ಎಳೆದುಕೊಂಡು ಹೋಗುತ್ತಿದ್ದಳು. ನಾಲ್ಕು ಪಿಚ್ಚರ್ ನೋಡುವಷ್ಟರಲ್ಲಿ ನನಗೆ ಎಲ್ಲ ಕಾನೂನುಗಳೂ ಬಾಯಿಪಾಠವಾಗಿದ್ದವು. ಕಾರು ಕೆಡುವುದಾದರೆ ಹಾಳು ಬಂಗಲೆಯ ಮುಂದೆಯೇ ಕೆಡಬೇಕು. ಬಾಗಿಲು ತಾನಾಗಿಯೇ ತೆರೆಯಬೇಕು, ಎಣ್ಣೆ ಕಾಣದ ಕೀಲು ಅರ್ಧ ನಿಮಿಷ ಕಿರ್ರೆನ್ನಬೇಕು. ಕಂದೀಲು ಹಿಡಿದ ಮುದುಕ ಕಾವಲುಗಾರ ಒಬ್ಬ ಬಂದು ಇಲ್ಲಿ ಇರಬೇಡಿ ಎನ್ನಬೇಕು, ಅವನ ಮಾತನ್ನು ಯಾರೂ ಕೇಳಬಾರದು. ದೆವ್ವ ಗಿವ್ವ ಎಲ್ಲ ಸುಳ್ಳು ಎಂದು ನಕ್ಕವನು ಇಂಟರ್ವಲ್ಲಿನ ಒಳಗೇ ಸಾಯಬೇಕು. ನಾಯಕಿಯ ಹೆಗಲ ಮೇಲೆ ಹಿಂದಿನಿಂದ ಒಂದು ಕೈ ಬೀಳಬೇಕು, ಅವಳು ಕಿಟಾರನೆ ಕಿರುಚಬೇಕು. ತಿರುಗಿ ನೋಡಿದರೆ ಆ ಕೈ ಮೊದಲ ಸಲ ಗೆಳತಿಯದು, ಎರಡನೆಯ ಸಲ ದೆವ್ವದ್ದು.

ಈಗ ಕುಳಿತು ನೆನೆದರೆ ಅವುಗಳಲ್ಲಿ ಒಂದು ಕಾನೂನೂ ನಮ್ಮ ಊರಿಗೆ ಒಗ್ಗುವುದಿಲ್ಲ. ಕರೆಂಟು ಹೋದ ಕೂಡಲೇ ದೆವ್ವ ಬರುವುದೇ ಆಗಿದ್ದರೆ ಆಗಿನ ಭಾಲ್ಕಿಯಲ್ಲಿ ಅವುಗಳಿಗೆ ನಿಲ್ಲಲು ಜಾಗ ಸಿಗುತ್ತಿರಲಿಲ್ಲ. ಬೀದರಿಗೆ ಹೋಗುವ ಬಸ್ಸು ವಾರಕ್ಕೆ ಎರಡು ಸಲ ನಡುದಾರಿಯಲ್ಲಿ ಕೆಟ್ಟು ನಿಲ್ಲುತ್ತಿತ್ತು. ಇಳಿದವರು ಬೇವಿನ ಮರದ ಕೆಳಗೆ ಕೂತು ರೊಟ್ಟಿ ಗಂಟು ಬಿಚ್ಚುತ್ತಿದ್ದರು. ಹಾಳು ಗುಮ್ಮಟಗಳಿಗಂತೂ ಬೀದರಿನಲ್ಲಿ ಬರವಿಲ್ಲ. ಅಲ್ಲಿ ಹುಡುಗರು ಕ್ರಿಕೆಟ್ ಆಡುತ್ತಾರೆ, ಆಡುಗಳು ಮೇಯುತ್ತವೆ. ಆದರೂ ಟಾಕೀಸಿನ ಕತ್ತಲೆಯಲ್ಲಿ ನಾನು ಅಮ್ಮನ ಸೆರಗನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದುಕೊಂಡೇ ಕೂತಿರುತ್ತಿದ್ದೆ. ಎಷ್ಟೋ ಸೀರೆಗಳ ಸೆರಗಿನ ತುದಿಗಳು ನನ್ನಿಂದ ತೂತು ಬಿದ್ದಿದ್ದವು.

ಕಾಕು ಟಾಕೀಸಿಗೆ ಬರುತ್ತಿರಲಿಲ್ಲ. "ಮನಿ ಕಾಯಲಾಕ ಯಾರರ ಬೇಕಲ್ಲ" ಎಂದು ಅಮ್ಮ ಹೊರಡುವಾಗ ಅನ್ನುತ್ತಿದ್ದಳು. ಕಾಕುವೂ "ಹೌದು ಮತ್ತ, ಯಾರರ ಬೇಕಲ್ಲ" ಎನ್ನುತ್ತಿದ್ದಳು. ಆ ಮನೆಯಲ್ಲಿ ಕಳ್ಳ ಬಂದರೆ ಒಯ್ಯುವಂಥದ್ದು ಹಿತ್ತಾಳೆಯ ಹಂಡೆ ಬಿಟ್ಟರೆ ಏನೂ ಇರಲಿಲ್ಲ. ಆದರೆ ಗಂಡ ಸತ್ತವಳು ಪಿಚ್ಚರಿಗೆ ಹೋದಳು ಎಂದು ಓಣಿ ಆಡಿಕೊಳ್ಳುವುದಕ್ಕಿಂತ ಹಂಡೆ ಕಾಯುವುದೇ ಸುಲಭವಾಗಿತ್ತು.

ಅದಕ್ಕೆ ಪಿಚ್ಚರನ್ನು ಕಾಕುಗೆ ನಾನು ತಂದುಕೊಡುತ್ತಿದ್ದೆ. ಸೋಮವಾರ ಸಾಲಿ ಬಿಟ್ಟು ಬಂದವಳೇ ಒಲೆಯ ಮುಂದೆ ಚಕ್ಕಂಬಕ್ಕಳ ಹಾಕಿ ಕೂತು ಇಡೀ ಕಥೆ ಹೇಳುತ್ತಿದ್ದೆ. ನಾನೇ ನಾಯಕಿ, ನಾನೇ ದೆವ್ವ, ನಾನೇ ಕಿರ್ರೆನ್ನುವ ಬಾಗಿಲು. ಕಾಕು ರೊಟ್ಟಿ ಬಡಿಯುತ್ತ ಕೇಳುತ್ತಿದ್ದಳು. ಭಯದ ಜಾಗ ಬಂದಾಗ ಬಡಿಯುವ ಕೈ ನಿಲ್ಲುತ್ತಿತ್ತು. ಆದರೆ ಅವಳ ಪ್ರಶ್ನೆಗಳು ನನ್ನ ಕಥೆಯ ಕಾಲು ಮುರಿಯುತ್ತಿದ್ದವು.

"ಅಲ್ಲಬೇ, ಆಕಿ ಒಬ್ಬಾಕೆನೇ ಅಲ್ಲಿ ಯಾಕ ಹೋಗ್ತಾಳ? ಯಾರಿಗರ ಎಬ್ಬಿಸಲಾಕ ಏನಾಗ್ಯದ?"

"ಹಂಗೇ ಇರ್ತದ ಕಾಕು, ಪಿಚ್ಚರ್‌ದಾಗ."

"ಆ ದೆವ್ವಕ್ಕ ಹಿಂಗ್ಯಾಕ ಆಯ್ತು? ಆಕಿಗಿ ಯಾರು ಏನು ಮಾಡಿದ್ರು?"

ಈ ಕೊನೆಯ ಪ್ರಶ್ನೆಯನ್ನು ಅವಳು ಪ್ರತಿ ಸಲವೂ ಕೇಳುತ್ತಿದ್ದಳು. ಕಾನೂನಿನ ಪ್ರಕಾರ ಪಿಚ್ಚರಿನ ಕೊನೆಯ ಭಾಗದಲ್ಲಿ ಅದರ ಉತ್ತರ ಇದ್ದೇ ಇರುತ್ತಿತ್ತು. ಆದರೆ ಅಲ್ಲಿ ಅಳು, ಮಾತು, ಮದುವೆ, ಮೋಸ ಎಲ್ಲ ಬಂದು ನನಗೆ ಬೇಸರವಾಗುತ್ತಿತ್ತು, ಆ ಹೊತ್ತಿಗೆ ನಾನು ಶೇಂಗಾದ ಪೊಟ್ಟಣ ಬಿಚ್ಚುತ್ತಿದ್ದೆ. ಅದಕ್ಕೆ ಕಾಕು ಕೇಳಿದಾಗ ಬಾಯಿಗೆ ಬಂದದ್ದು ಹೇಳುತ್ತಿದ್ದೆ. ಬಾವಿಯೊಳಗೆ ನೂಕಿದರು, ಇಲ್ಲವೆ ಗೋಡೆಯಲ್ಲಿಟ್ಟು ಕಟ್ಟಿದರು. ಕಾಕು "ಪಾಪ" ಎಂದು ಹಂಚಿನ ಮೇಲಿನ ರೊಟ್ಟಿ ಹೊರಳಿಸುತ್ತಿದ್ದಳು. ದೆವ್ವಕ್ಕೆ ಪಾಪ ಎಂದವರನ್ನು ನಾನು ಆಕೆಯೊಬ್ಬಳನ್ನೇ ನೋಡಿದ್ದೇನೆ.

ಇಲ್ಲಿಯವರೆಗೆ ಸುಲಭವಾಗಿ ಹೇಳಿದೆ. ಮುಂದಿನದನ್ನು ಯಾರಿಗೂ ಹೇಳಿರಲಿಲ್ಲ.

ಒಂದು ರವಿವಾರ ಮ್ಯಾಟಿನಿ ಮುಗಿಸಿ ಬಂದೆವು. ಅಮ್ಮ ಹೊರಗೆ ಕಟ್ಟೆಯ ಮೇಲೆ ಹೆಂಗಸರ ಜೊತೆ ಮಾತಿಗೆ ನಿಂತಳು. ನಾನು ನೀರು ಕುಡಿಯಲೆಂದು ಒಳಗೆ ಓಡಿದೆ. ಸಂಜೆಯಾಗಿತ್ತು, ನಡುಮನೆಗೆ ಬಂದಾಗ ಕರೆಂಟು ಹೋಯಿತು. ನಾನು ನಿಂತಲ್ಲೇ ನಿಂತೆ. ಆಚೆಯ ಕೋಣೆಯಿಂದ ಒಂದು ಬೆಳಕು ಬಂತು. ಕಂದೀಲು. ಅದರ ಮೇಲೆ ಒಂದು ಮುಖ, ಎರಡೂ ಕಡೆ ಇಳಿಬಿದ್ದ ಕೂದಲು, ಕೆಳಗೆ ಬಿಳಿ ಸೀರೆ. ಒಂಚೂರೂ ಸಪ್ಪಳವಿಲ್ಲ. ಅದು ನನ್ನ ಕಡೆಗೇ ಬರುತ್ತಿತ್ತು.

ನಾನು "ದೆವ್ವಾ!" ಎಂದು ಒದರಿದೆ. ಒಂದು ಸಲವಲ್ಲ. ಓಣಿಗೆಲ್ಲ ಕೇಳುವಂತೆ ಒದರಿ, ಓಡಿ ಹೋಗಿ ಅಮ್ಮನ ಕಾಲಿಗೆ ತೆಕ್ಕೆಬಿದ್ದೆ. ಕಟ್ಟೆಯ ಮೇಲಿದ್ದ ಹೆಂಗಸರೆಲ್ಲ ಒಳಗೆ ನುಗ್ಗಿದರು. ನೋಡಿದರೆ ಕಾಕು. ಮಧ್ಯಾಹ್ನ ಕೆಲಸ ಮುಗಿಸಿ ತಲೆಗೆ ನೀರು ಹಾಕಿಕೊಂಡು ಕೂದಲು ಆರಲು ಬಿಟ್ಟಿದ್ದಳು. ಕತ್ತಲೆಯಲ್ಲಿ ಶಾರು ಹೆದರುತ್ತಾಳೆ ಎಂದು ನನಗಾಗಿಯೇ ಕಂದೀಲು ಹಚ್ಚಿಕೊಂಡು ಬರುತ್ತಿದ್ದಳು. ಹೆಂಗಸರು ನಕ್ಕರು. ಒಬ್ಬಾಕೆಯಂತೂ "ಹುಡುಗಿದು ಏನ್ ತಪ್ಪ್ರಿ, ಥೇಟ್ ಹಂಗೇ ಕಾಣ್ತಾಳ" ಎಂದಳು. ಅಮ್ಮ ನನ್ನ ಬೆನ್ನಿಗೆ ಒಂದು ಹಾಕಿದಳು, ಆದರೆ ನಗುತ್ತಲೇ ಹಾಕಿದಳು. ಕಾಕು ಕಂದೀಲನ್ನು ಕೆಳಗಿಟ್ಟು ಕೂದಲು ಗಂಟು ಹಾಕಿಕೊಂಡಳು.

ಮರುದಿನ ಸೋಮವಾರ. ನಾನು ಒಲೆಯ ಮುಂದೆ ಹೋಗಿ ಕೂರಲಿಲ್ಲ. ಮುಖ ಹೇಗೆ ತೋರಿಸುವುದು? ಕಾಕುವೂ ಕಥೆ ಕೇಳಲಿಲ್ಲ. ಅದರ ಮುಂದಿನ ಸೋಮವಾರವೂ ಇಲ್ಲ. ಹಾಗೇ ನಿಂತು ಹೋಯಿತು.

ನಮ್ಮ ಮನೆಯಲ್ಲಿ ಒಂದು ಮಾತಿತ್ತು, ಈಗಲೂ ಇದೆ. ಹೊರಗಿನಿಂದ ಯಾರಾದರೂ ಹೆಸರು ಹಿಡಿದು ಕರೆದರೆ ಒಂದೇ ಕೂಗಿಗೆ ಓ ಅನ್ನಬಾರದು. ದೆವ್ವ ಒಂದೇ ಸಲ ಕರೆಯುತ್ತದೆ, ಮನುಷ್ಯರು ಮೂರು ಸಲ ಕರೆಯುತ್ತಾರೆ. ಆ ಸಂಜೆಯಾದ ಮೇಲೆ ಕಾಕು ನಾನಿರುವ ಯಾವ ಕೋಣೆಗೂ ಸುಮ್ಮನೆ ಕಾಲಿಡಲಿಲ್ಲ. ಹೊಸ್ತಿಲ ಆಚೆಗೇ ನಿಂತು, "ಶಾರೂ... ಶಾರೂ... ಶಾರೂ..." ಎಂದು ಮೂರು ಸಲ ಕರೆದು, "ನಾ ಅದೀನಿ, ಬರ್ತೇನಿ" ಎಂದು ಹೇಳಿ, ಆಮೇಲೆ ಒಳಗೆ ಬರುತ್ತಿದ್ದಳು. ಕ್ರಮೇಣ ಅದು ಎಲ್ಲರಿಗೂ ಅನ್ವಯವಾಯಿತು. ನನ್ನ ತಮ್ಮನಿಗೂ ಮೂರು ಕೂಗು, ಅವನ ಹೆಂಡತಿಗೂ ಮೂರು ಕೂಗು, ಹುಟ್ಟಿದ ಮೇಲೆ ಸ್ನೇಹಾಳಿಗೂ ಮೂರು ಕೂಗು. "ಆಯಿ ಕೋರ್ಟಿನ ಜವಾನನ ಹಂಗ ಕರೀತಾಳ" ಎಂದು ಮನೆಯಲ್ಲಿ ಹಾಸ್ಯ ಮಾಡುತ್ತಾರೆ. ಯಾಕೆ ಎಂದು ಯಾರಿಗೂ ಗೊತ್ತಿಲ್ಲ. ಗೊತ್ತಿದ್ದವರು ಇಬ್ಬರೇ, ಅವಳು ಮತ್ತು ನಾನು. ನಾನು ಬಿಎಡ್ ಮಾಡಿದೆ, ಮಾಸ್ತರಿಣಿಯಾದೆ, ತಪ್ಪು ಮಾಡಿದ ಮಕ್ಕಳ ಕಿವಿ ಹಿಂಡಿ ಸಾರಿ ಹೇಳಿಸಿದೆ. ಕಾಕುಗೆ ಮಾತ್ರ ಇಷ್ಟು ವರ್ಷ ಒಂದು ಮಾತು ಹೇಳಲು ನನಗೆ ಬಾಯಿ ಬರಲಿಲ್ಲ.

ಚೀಟಿಯ ಕೊನೆಯ ಸಾಲಿನ ಮೇಲೆ ಬೆರಳಿಟ್ಟು ಸ್ನೇಹಾಳಿಗೆ ಹೇಳಿದೆ: "ಇದೊಂದು ಬ್ಯಾಡ. ಬಿಳಿ ಸೀರಿ ಎಲ್ಲೆರ ತಂದು ಕೊಡ್ತೇನಿ. ಕಾಕು ಮುಂದ ಈ ಮಾತು ತಗೀಬ್ಯಾಡ."

"ಯಾಕ್ರಿ ಅತ್ತಿ?"

"ಬ್ಯಾಡ ಅಂದ್ರ ಬ್ಯಾಡ."

ಹುಡುಗಿಯರಿಗೆ ಹೀಗೆ ಹೇಳಿದರೆ ಏನಾಗುತ್ತದೆ ಎಂಬುದು ಮಾಸ್ತರಿಣಿಗೆ ಗೊತ್ತಿರಬೇಕಿತ್ತು. ರವಿವಾರ ತಮ್ಮನ ಮನೆಗೆಂದು ಇಬ್ಬರೂ ಔರಾದಿನ ಬಸ್ಸು ಹತ್ತಿದೆವು. ಜನವಾಡ ದಾಟುವವರೆಗೆ ಸ್ನೇಹಾ ಸುಮ್ಮನಿದ್ದಳು. ಸಂತಪುರ ಬರುವಷ್ಟರಲ್ಲಿ ಅವಳ ಕಥೆಯನ್ನೆಲ್ಲ ನನಗೆ ಒಪ್ಪಿಸಿದ್ದಳು. ಹೆಂಗಸೊಬ್ಬಳು ಮೇಜಿನ ಮುಂದೆ ಓದುತ್ತ ಕೂತಿರುತ್ತಾಳೆ, ಹಿಂದಿನಿಂದ ದೆವ್ವ ಬಂದು ಹೆಗಲ ಮೇಲೆ ಕೈ ಇಡುತ್ತದೆ, ಹೆಂಗಸು ಒದರುತ್ತಾಳೆ. ಓದುವ ಹೆಂಗಸು ನಾನೇ ಆಗಬೇಕಂತೆ; ಕನ್ನಡಕ ಇದೆ, ಮುಖವೂ ಯಾವಾಗಲೂ ಪರೇಶಾನಾಗಿದ್ದಂತೆ ಇರುತ್ತದೆ. ಕಾಲ ಬದಲಾಗಿದೆ, ಮೊಬೈಲು ಬಂದಿದೆ, ಕಾನೂನು ಮಾತ್ರ ಅದೇ ಎಂದುಕೊಂಡೆ.

ತಮ್ಮನೂ ಅವನ ಹೆಂಡತಿಯೂ ಅಂದು ಒಂದು ಲಗ್ನಕ್ಕೆ ಹೋಗಿದ್ದರು. ಮನೆ ಕಾಯಲು ಎಂದಿನಂತೆ ಕಾಕು. ನಾವು ಚಹಾ ಕುಡಿದು ಲೋಟ ಕೆಳಗಿಟ್ಟಿರಲಿಲ್ಲ, ಸ್ನೇಹಾಳ ಬಾಯಿ ತಡೆಯಲಿಲ್ಲ.

"ಆಯಿ, ನಮ್ಮ ಪಿಚ್ಚರ್‌ದಾಗ ದೆವ್ವ ಆಗ್ತೀರೇನ್ರಿ?"

ಕಾಕು ಒಂದು ಗಳಿಗೆ ಅವಳನ್ನೇ ನೋಡಿದಳು.

"ದೆವ್ವ ಏನು ಉಟ್ಕೊಂಡಿರ್ತದವ್ವ?"

"ಬಿಳಿ ಸೀರಿರಿ. ದೆವ್ವ ಅಂದ್ರ ಬಿಳೀದೇ."

ಕಾಕು ತನ್ನ ಸೀರೆಯ ನಿರಿಗೆಯನ್ನು ಕೈಯಿಂದ ಒಮ್ಮೆ ಸವರಿಕೊಂಡಳು. "ಹಂಗಾದ್ರ ನಾ ಏನೂ ಬದಲಿ ಮಾಡೂದು ಬ್ಯಾಡ. ನಿಮ್ಮತ್ತಿಗಿ ಕೇಳು, ನಾ ಎಷ್ಟು ಬರೋಬ್ಬರ್ ದೆವ್ವ ಆಗ್ತೇನಿ ಅಂತ."

ಸ್ನೇಹಾ ನಕ್ಕಳು. ನನಗೆ ಕಣ್ಣು ತುಂಬಿ ಬಂದು ಲೋಟ ಕಾಣಿಸಲಿಲ್ಲ. "ಕಾಕು, ತಪ್ಪಾಯ್ತುರಿ" ಎಂದೆ. ಐವತ್ತರ ಹೆಂಗಸು, ಹತ್ತರ ಹುಡುಗಿಯ ಧ್ವನಿಯಲ್ಲಿ ಅಂದೆ. ಸ್ನೇಹಾ ಇಬ್ಬರನ್ನೂ ಮಿಕಿಮಿಕಿ ನೋಡಿದಳು. ಅವಳಿಗೆ ಆ ಸಂಜೆಯದನ್ನೆಲ್ಲ ಹೇಳಿದೆ, ಕಾಕುವಿನ ಎದುರಿಗೇ ಹೇಳಿದೆ. ಹೇಳಿ ಮುಗಿಸುವವರೆಗೆ ಕಾಕು ಚಹಾದ ಲೋಟಗಳನ್ನು ಒಂದರೊಳಗೊಂದು ಇಡುತ್ತ ಕೂತಿದ್ದಳು.

"ಸಣ್ಣಾಕಿ ಇದ್ದಿ" ಎಂದಳು ಕೊನೆಗೆ. "ನನಗ ಸಿಟ್ಟ ಬಂದಿದ್ದಿಲ್ಲ ಶಾರು. ನೀ ದೆವ್ವ ಅಂತ ಒದರಿದಿ ನೋಡು, ನನಗೂ ಹೆದರಿಕಿ ಆಯ್ತು. ನಾನೂ ಹಿಂದ ಹೊಳ್ಳಿ ನೋಡ್ದೆ, ಯಾರು ಬಂದಾರ ಅಂತ. ಯಾರೂ ಇದ್ದಿಲ್ಲ. ಆಗ ತಿಳೀತು, ನನಗೇ ಅನ್ನಕತ್ತಾಳ ಅಂತ."

ಸ್ನೇಹಾ ಮೊಬೈಲನ್ನು ಕೆಳಗಿಟ್ಟಳು.

"ಅದಕ್ಕೇ ಕರೀತೀರೇನ್ರಿ ಆಯಿ, ಮೂರು ಮೂರು ಸಲ?"

"ಮತ್ತೇನು ಮಾಡ್ಲಿ? ಕೈಯಾಗ ಬಳಿ ಇಲ್ಲ, ಕಾಲಾಗ ಕಾಲುಂಗರ ಇಲ್ಲ. ನಾ ಬಂದಿದ್ದು ಯಾರಿಗೂ ಗೊತ್ತೇ ಆಗಂಗಿಲ್ಲ. ಬಾಯಿ ಒಂದು ಅದ, ಬಾಯಿಲೆ ಸಪ್ಪಳ ಮಾಡ್ತೇನಿ."

ಇಷ್ಟು ವರ್ಷ ಒಂದೇ ಮನೆಯಲ್ಲಿ ಬೆಳೆದು, ಅವಳು ಸದ್ದಿಲ್ಲದೆ ನಡೆಯುತ್ತಾಳೆ ಎಂಬುದು ನನಗೆ ಗೊತ್ತಿತ್ತು. ಯಾಕೆ ಎಂದು ಒಮ್ಮೆಯೂ ಯೋಚಿಸಿರಲಿಲ್ಲ. ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಿಗೆ ಸಂಕಟವಾಯಿತು.

"ಒಂದೇ ಮಾತು ಉಳದದ ನೋಡು" ಎಂದಳು ಕಾಕು. "ಆ ರವಿವಾರದ ಪಿಚ್ಚರ್ ಕತಿ ನೀ ಹೇಳ್ಲೇ ಇಲ್ಲ. ಸೋಮವಾರ ಬರ್ತಿ ಅಂತ ದಾರಿ ನೋಡ್ದೆ. ಆಕಿಗಿ ಯಾರು ಏನು ಮಾಡಿದ್ರು?"

ಬಾಯಿಗೆ ಬಂದದ್ದು ಹೇಳಬಹುದಿತ್ತು. ಬಾವಿ ಇತ್ತು, ಗೋಡೆ ಇತ್ತು. "ಗೊತ್ತಿಲ್ರಿ ಕಾಕು. ನಾ ಅವಾಗ ಶೇಂಗಾ ತಿನ್ನಕತ್ತಿದ್ದೆ" ಎಂದೆ.

ಕಾಕು ನಕ್ಕಳು. "ಇರ್ಲಿ ಬಿಡು. ಒಮ್ಮೊಮ್ಮೆ ಯಾರೂ ಏನೂ ಮಾಡಿರಂಗಿಲ್ಲ. ಅದ್ರಿಂದನೂ ಹಂಗ ಆಗ್ತದ" ಎಂದು ಲೋಟ ಎತ್ತಿಕೊಂಡು ಎದ್ದಳು. ಎದ್ದವಳು ಸ್ನೇಹಾಳ ಕಡೆ ತಿರುಗಿ, "ನಡಿ, ಎಲ್ಲಿ ನಿಂದ್ರಲಿ ಹೇಳು" ಎಂದಳು.

ನಾನು ಬೇಡ ಬೇಡ ಎಂದೆ. ಕೇಳುವವರು ಯಾರು? ಹಾಡಹಗಲು ಕಿಟಕಿಗಳಿಗೆ ಕೌದಿ ಹೊದಿಸಿ ನಡುಮನೆಯನ್ನು ಕತ್ತಲೆ ಮಾಡಿದರು. ಮೇಜಿನ ಮೇಲೆ ಒಂದು ಮೇಣದ ಬತ್ತಿ, ಅದರ ಮುಂದೆ ನಾನು, ಕೈಯಲ್ಲಿ ಒಂದು ಹಳೆಯ ಪಂಚಾಂಗ. ಸ್ನೇಹಾ ನನ್ನೆದುರಿಗೆ ಮೊಬೈಲು ಹಿಡಿದು ಕೂತಳು. ಗೆಜ್ಜೆ ಬೇಡ, ಸಪ್ಪಳ ಆಮೇಲೆ ಕೂಡಿಸಿಕೊಳ್ಳುತ್ತೇನೆ ಎಂದಳು. ಕಾಕು ಕೂದಲು ಬಿಚ್ಚಿಕೊಂಡು ನನ್ನ ಬೆನ್ನ ಹಿಂದಿನ ಕೋಣೆಯಲ್ಲಿ ನಿಂತಳು. ಆ ಕೂದಲೂ ಈಗ ಸೀರೆಯ ಬಣ್ಣದ್ದೇ ಆಗಿದೆ.

"ಹೂಂ, ಬರ್ರಿ ಆಯಿ!"

ಹಿಂದಿನಿಂದ ಕೂಗು ಬಂತು. "ಶಾರೂ..."

"ಆಯಿ! ದೆವ್ವ ಕರೀಬಾರದ್ರಿ!"

ಎರಡನೆಯ ಸಲ ಕರೆಯಲಿಲ್ಲ, ಕೆಮ್ಮಿದಳು. ಮೂರನೆಯ ಸಲ ಹೊಸ್ತಿಲವರೆಗೆ ಬಂದ ಹಾಗಾಯಿತು, ಅಲ್ಲೇ ನಿಂತಳು.

"ಬರಂಗಿಲ್ಲವ್ವ ನನಗ. ಸುಮ್ಮ ಹ್ಯಾಂಗ ಬರೂದು? ಆಕಿ ಹೆದರಿದ್ರ?"

ನಾನು ಪಂಚಾಂಗ ಮುಚ್ಚಿದೆ. ತಿರುಗಿ ನೋಡಲಿಲ್ಲ. "ಕಾಕು, ಕರೀಬ್ಯಾಡ್ರಿ. ಹಂಗೇ ಬರ್ರಿ. ನಾ ಹೆದ್ರಂಗಿಲ್ಲ."

ಹೊಸ್ತಿಲ ಆಚೆಯಿಂದಲೇ ಕೇಳಿದಳು.

"ಖರೆ?"

"ಖರೇರಿ."

ಪಿಚ್ಚರಿನಲ್ಲಾದರೆ ಈ ಜಾಗದಲ್ಲಿ ಸಂಗೀತ ಬರುತ್ತಿತ್ತು. ಇಲ್ಲಿ ಹೊರಗೆ ಕಾಯಿಪಲ್ಲೆ ಮಾರುವವನೊಬ್ಬ ಒದರುತ್ತ ಹೋದ. ನಾನು ಕಿವಿಗೊಟ್ಟು ಕೂತೆ. ಹೆಜ್ಜೆ ಕೇಳಿಸಲಿಲ್ಲ, ಬಳೆ ಕೇಳಿಸಲಿಲ್ಲ. ಮೊದಲು ವಿಭೂತಿಯ ವಾಸನೆ ಬಂತು, ಅದರ ಹಿಂದೆ ಜೋಳದ ಹಿಟ್ಟಿನ ವಾಸನೆ. ಆಮೇಲೆ ನನ್ನ ಎಡ ಹೆಗಲ ಮೇಲೆ ಒಂದು ಕೈ ಬಂದು ಕೂತಿತು.

ಸ್ನೇಹಾ ಮೊಬೈಲಿನ ಹಿಂದಿನಿಂದ ಕಣ್ಣು ದೊಡ್ಡದು ಮಾಡಿ ಸನ್ನೆ ಮಾಡಿದಳು, ಒದರಿ, ಒದರಿ ಎಂದು. ನಾನು ಆ ಕೈಯ ಮೇಲೆ ನನ್ನ ಕೈ ಇಟ್ಟು ಗಟ್ಟಿಯಾಗಿ ಹಿಡಿದುಕೊಂಡೆ.

"ಅತ್ತಿ! ಶಾಟ್ ಪೂರಾ ಹಾಳಾಯ್ತಲ್ರಿ! ನೀವು ಒದರಲೇ ಇಲ್ಲ!"

ನನ್ನ ಬೆನ್ನ ಹಿಂದಿನಿಂದ ಕಾಕು ಹೇಳಿದಳು: "ಬಿಡವ್ವ. ಆಕಿದು ಒದರೂದು ಅವತ್ತೇ ಮುಗದದ."